ಜಪಾನಿನಲ್ಲಿ ನಾನು ಬೀಳದ ದಿನ

ಕಾರ್ಖಾನೆಯವರು ಹೇಳಿ ಕಳಿಸಿದ ಕೆಲಸವನ್ನೆಲ್ಲ ನಾನು ಜಪಾನಿನಲ್ಲಿ ಕಲಿತು ಬಂದೆ. ತಮ್ಮ ಕೇಳಿದ ಒಂದು ಕೆಲಸವನ್ನು ಮಾತ್ರ ಮಾಡಲಿಲ್ಲ. ಅವನು ಕೇಳಿದ್ದು ಇಷ್ಟೇ: ಒಂದು ದಿನ, ಜನರ ಎದುರಿಗೆ, ಅವನು ಎತ್ತಿ ಎಸೆದಾಗ ನಾನು ಬೆನ್ನ ಮೇಲೆ ಬೀಳಬೇಕು. ಒಪ್ಪಿಕೊಂಡಿದ್ದೆ. ಅಭ್ಯಾಸವನ್ನೂ ಮಾಡಿದ್ದೆ. ಆ ದಿನ ಬಂದಾಗ ಬೀಳಲಿಲ್ಲ.

ಊರಿಗೆ ಬಂದ ಮೇಲೆ ಜಪಾನ್ ಹೇಗಿದೆ ಎಂದು ಕೇಳದವರಿಲ್ಲ. ಕೇಳಿದವರಿಗೆಲ್ಲ ಹಿಮದ ಕಥೆ, ರೈಲಿನ ಕಥೆ, ಬಿಸಿನೀರಿನ ತೊಟ್ಟಿಯ ಕಥೆ ಹೇಳಿದ್ದೇನೆ. ಇಲ್ಲಿ ಉಳಿದದ್ದನ್ನೂ ಸೇರಿಸಿ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಎಲ್ಲಾದರೂ ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಬೇಕು.

ಹಡಗು

ನಮ್ಮದು ಮೈಸೂರಿನ ಕೆಸರೆ. ಅಪ್ಪ ಹೊಲ ಉಳುತ್ತಿದ್ದ. ಅವನು ಹೋದ ಮೇಲೆ ನಾನು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಸೇರಿಕೊಂಡೆ. ಬೆಳಗ್ಗೆ ಗರಡಿ, ಆಮೇಲೆ ಕಾರ್ಖಾನೆ, ಸಂಜೆ ಮತ್ತೆ ಗರಡಿ. ಸ್ವಾತಂತ್ರ್ಯ ಬಂದ ವರ್ಷ ಮೊದಲ ಸಲ ದಸರಾ ಕುಸ್ತಿಗೆ ಇಳಿದೆ. ಅಲ್ಲಿಂದಾಚೆಗೆ ಸಮಸಮ ಆದದ್ದುಂಟು, ಆದರೆ ಬೆನ್ನಿಗೆ ಮಣ್ಣು ಹತ್ತಿದ್ದಿಲ್ಲ. ನಮ್ಮಲ್ಲಿ ಪೈಲ್ವಾನನ ಮರ್ಯಾದೆ ಇರುವುದೇ ಅವನ ಬೆನ್ನಿನಲ್ಲಿ. ಬೆನ್ನು ನೆಲ ಮುಟ್ಟಿತೋ, ಕುಸ್ತಿ ಮುಗಿಯಿತು. ಪುಟ್ಟಮಾದ ಎಂಬ ನನ್ನ ಹೆಸರನ್ನು ಕೆಸರೆಯಲ್ಲಿ ಕರೆಯುವವರು ಕಡಿಮೆ. ಹೆಂಗಸರು ಕೂಡ ಪೈಲ್ವಾನ್ ಎಂದೇ ಕರೆಯುತ್ತಾರೆ.

ತಮ್ಮ ಸಿದ್ದರಾಜು ನನಗಿಂತ ತುಂಬಾ ಚಿಕ್ಕವನು. ಅವನನ್ನು ಹೈಸ್ಕೂಲಿನವರೆಗೆ ಓದಿಸಿ, ನಮ್ಮ ಕಾರ್ಖಾನೆಯಲ್ಲೇ ಫಿಟ್ಟರ್ ಕೆಲಸಕ್ಕೆ ಹಾಕಿಸಿದೆ. ಅವನು ಗರಡಿಗೆ ಬರುತ್ತಿದ್ದ, ಆದರೆ ಅವನ ಮೈ ಗರಡಿಯ ಮೈಯಲ್ಲ, ಸಣ್ಣ ಎಲುಬು. ನಾನು ಅವನನ್ನು ಎಷ್ಟು ಸಲ ಚಿತ್ ಮಾಡಿದ್ದೇನೋ ಲೆಕ್ಕ ಇಟ್ಟವರಿಲ್ಲ.

ಕಾರ್ಖಾನೆಗೆ ಜಪಾನಿನ ಹೊಸ ಯಂತ್ರಗಳು ಬರುವುದೆಂದು ಗೊತ್ತಾಯಿತು. ಒಂದು ವರ್ಷದ ಮಟ್ಟಿಗೆ ಇಬ್ಬರನ್ನು ಅಲ್ಲಿಗೆ ಕಳಿಸಬೇಕು, ಒಬ್ಬನಿಗೆ ಯಂತ್ರ ಗೊತ್ತಿರಬೇಕು, ಇನ್ನೊಬ್ಬನಿಗೆ ಎಳೆ ಗೊತ್ತಿರಬೇಕು ಎಂದರು. ಅಣ್ಣತಮ್ಮಂದಿರಾದರೆ ಜಗಳವಾಡುವುದಿಲ್ಲ ಎಂದು ನಮ್ಮಿಬ್ಬರನ್ನು ಆರಿಸಿದರು.

ಹಡಗಿನಲ್ಲಿ ಮೊದಲ ದಿನ ಸಿದ್ದ ವಾಂತಿ ಮಾಡಿಕೊಂಡು ಮಲಗಿದ. ನಾನು ಪೈಲ್ವಾನ, ನನಗೆಂಥ ವಾಂತಿ ಎಂದುಕೊಂಡು ಮೈಗೆ ಎಣ್ಣೆ ತಿಕ್ಕಿಕೊಂಡು ಡೆಕ್ಕಿನ ಮೇಲೆ ದಂಡ ಹೊಡೆಯಲು ನಿಂತೆ. ಜನ ಸೇರಿದರು. ಹಡಗು ಸ್ವಲ್ಪ ವಾಲಿತು. ನಾನು ಎಣ್ಣೆಯ ಮೇಲೆ ಜಾರಿ ಒಬ್ಬ ಸಿಂಧಿ ಸೇಠ್‌ಜಿಯ ಕುರ್ಚಿಯ ಕೆಳಗೆ ಹೋಗಿ ನಿಂತೆ. ಅವರು ಕಾಲು ಮೇಲೆತ್ತಿಕೊಂಡು ಪೇಪರು ಓದುವುದನ್ನು ಮುಂದುವರಿಸಿದರು. ಜಾರಿದ್ದು ಹೊಟ್ಟೆಯ ಮೇಲೆ, ಬೆನ್ನಿನ ಮೇಲಲ್ಲ. ಅದನ್ನು ಆಗಲೇ ಗಮನಿಸಿಕೊಂಡಿದ್ದೆ.

ರೇಷ್ಮೆಯ ಊರು

ಕೋಬೆಯಲ್ಲಿ ಇಳಿದು, ರೈಲು ಬದಲಿಸಿ ಬದಲಿಸಿ, ಬೆಟ್ಟಗಳ ನಡುವಿನ ಒಂದು ಊರಿಗೆ ಹೋದೆವು. ಅಲ್ಲೊಂದು ಕೆರೆ, ಸುತ್ತ ರೇಷ್ಮೆ ಕಾರ್ಖಾನೆಗಳ ಹೊಗೆಕೊಳವೆ. ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ ಬೇಯಿಸಿದ ಗೂಡಿನ ವಾಸನೆ ಮೂಗಿಗೆ ಬಂತು. ನಮ್ಮ ಕಾರ್ಖಾನೆಯಲ್ಲಿ ಹೊಸಬರು ಮೂಗು ಮುಚ್ಚಿಕೊಂಡು ಓಡುವುದು ಇದೇ ವಾಸನೆಗೆ. ನನಗೆ ಅಲ್ಲಿ ಅದು ಊಟದ ಮನೆಯ ವಾಸನೆಯ ಹಾಗೆ ಹಿತವಾಯಿತು.

ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಹುಳವನ್ನು ನಮ್ಮಲ್ಲಿ ಕೋಳಿಗೆ ಹಾಕುತ್ತಾರೆ. ಅಲ್ಲಿ ಮೊದಲ ಊಟದಲ್ಲೇ ಕಂದು ಬಣ್ಣದ ಏನನ್ನೋ ಪುಟ್ಟ ಬಟ್ಟಲಲ್ಲಿ ಇಟ್ಟರು. ಹುರಿದ ಕಡಲೆಕಾಯಿ ಬೀಜ ಎಂದು ಎರಡು ಸಲ ಹಾಕಿಸಿಕೊಂಡು ತಿಂದೆ. ಸಿಹಿಯಿತ್ತು. ಸಿದ್ದನಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅವನು ಪಕ್ಕದವರನ್ನು ವಿಚಾರಿಸಿ, ನಾನು ಬಟ್ಟಲು ಬರಿದು ಮಾಡುವ ತನಕ ಕಾದು, ಆಮೇಲೆ ಅದೇನೆಂದು ಹೇಳಿದ. ಮೈಸೂರಿನ ಕೋಳಿಗಳಿಗೆ ಹೇಳಬೇಡ ಎಂದ.

ಸ್ನಾನದ ಮನೆಯಲ್ಲೂ ಒಂದು ಫಜೀತಿಯಾಯಿತು. ಊರಿನವರೆಲ್ಲ ಒಂದೇ ತೊಟ್ಟಿಯಲ್ಲಿ ಕೂರುತ್ತಾರೆ, ಮೈಮೇಲೆ ನೂಲೂ ಇಲ್ಲದೆ. ನಾನು ಲಂಗೋಟಿ ಕಟ್ಟಿಕೊಂಡು ಇಳಿದೆ. ಒಬ್ಬ ಮುದುಕ ಬಹಳ ಮರ್ಯಾದೆಯಿಂದ ಬಗ್ಗಿ ನಮಸ್ಕಾರ ಮಾಡಿ, ನನ್ನ ಲಂಗೋಟಿಯನ್ನು ತೋರಿಸಿ, ಬಾಗಿಲನ್ನು ತೋರಿಸಿದ. ಬಟ್ಟೆ ಉಟ್ಟವನೇ ಅಲ್ಲಿ ನಾಚಿಕೆಗೆಟ್ಟವನು.

ಚಾಪೆಯ ಗರಡಿ

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಕುರೋದ ಎಂಬ ಮೇಷ್ಟರ ಜೂಡೊ ಶಾಲೆಯಿತ್ತು. ಜೂಡೊ ಎಂದರೆ ಅವರ ಕುಸ್ತಿ. ದಪ್ಪ ಬಟ್ಟೆಯ ಅಂಗಿ ತೊಟ್ಟು, ಎದುರಾಳಿಯ ಅಂಗಿ ಹಿಡಿದು ಆಡುತ್ತಾರೆ. ಹೊಸಬನ ಸೊಂಟಕ್ಕೆ ಬಿಳಿ ಪಟ್ಟಿ, ಪಳಗಿದವನಿಗೆ ಕಂದು, ಪರೀಕ್ಷೆ ಗೆದ್ದವನಿಗೆ ಕಪ್ಪು. ಕುರೋದ ಮೇಷ್ಟ್ರು ಹಗಲು ಮುರಿದ ಮೂಳೆ ಕೂರಿಸುತ್ತಿದ್ದರು, ಸಂಜೆ ಹೇಳಿಕೊಡುತ್ತಿದ್ದರು. ನಮ್ಮ ಗರಡಿಯ ಉಸ್ತಾದರೂ ಹಾಗೇ, ಕೆಸರೆಯಲ್ಲಿ ಕೈ ಮುರಿದವರೆಲ್ಲ ಅವರ ಜಗಲಿಯಲ್ಲೇ ಇರುತ್ತಾರೆ. ಅಷ್ಟರಿಂದಲೇ ನನಗೆ ಆ ಜಾಗ ಗೊತ್ತಿರುವ ಜಾಗ ಅನ್ನಿಸಿತು.

ಆದರೆ ಮಣ್ಣಿರಲಿಲ್ಲ. ನಮ್ಮ ಅಖಾಡದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುತ್ತೇವೆ, ಅದರ ವಾಸನೆಗೇ ತೋಳು ತುರಿಸುತ್ತದೆ. ಅಲ್ಲಿ ಹುಲ್ಲಿನ ಚಾಪೆ, ದೇವರ ಮನೆಯ ಹಾಗೆ ಗುಡಿಸಿಟ್ಟಿದ್ದರು. ನಾನು ಚಾಪೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಎಲ್ಲರೂ ಮೆಚ್ಚಿದರು.

ಮೊದಲ ದಿನವೇ ಆಡುತ್ತೀರಾ ಎಂದು ಕೇಳಿದರು. ನನ್ನ ಎದುರಿಗೆ ನಿಂತವನು ಅಂಚೆ ಕಚೇರಿಯ ಒಬ್ಬ ಗುಮಾಸ್ತ, ನನ್ನ ಎದೆಮಟ್ಟಕ್ಕೆ ಬರುವವನು. ಅವನು ನನ್ನ ಅಂಗಿ ಹಿಡಿದು, ಇದ್ದಕ್ಕಿದ್ದಂತೆ ತಾನೇ ಬೆನ್ನ ಮೇಲೆ ಮಲಗಿದ. ಬೆನ್ನು ನೆಲ ಮುಟ್ಟಿತಲ್ಲ, ಗೆದ್ದೆನೆಂದು ನಾನು ಹಿಡಿತ ಬಿಟ್ಟು ಕೈ ಮೇಲೆತ್ತಿದೆ. ಅಷ್ಟರಲ್ಲಿ ಅವನ ಕಾಲು ನನ್ನ ಹೊಟ್ಟೆಗೆ ಬಂತು. ನಾನು ಅವನ ತಲೆಯ ಮೇಲಿಂದ ಹಾರಿ, ಗಾಳಿಯಲ್ಲಿ ಮೈ ತಿರುಚಿ, ಮುಖ ಅಡಿಯಾಗಿ ಬಿದ್ದೆ. ತುಟಿ ಒಡೆಯಿತು. ಮೇಷ್ಟ್ರು ತುಟಿ ನೋಡಿ ಏನೋ ಹೇಳಿದರು. ಬೆನ್ನ ಮೇಲೆ ಬಿದ್ದಿದ್ದರೆ ಒಡೀತಿರಲಿಲ್ಲವಂತೆ ಎಂದು ಸಿದ್ದ ಕನ್ನಡದಲ್ಲಿ ತಿಳಿಸಿದ.

ಅವರು ಹೊಸಬರಿಗೆ ಮೊದಲು ಹೇಳಿಕೊಡುವುದೇ ಬೀಳುವುದನ್ನು. ವಾರಗಟ್ಟಲೆ ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಬಿದ್ದು ಚಾಪೆಗೆ ಕೈ ಬಡಿ. ನಾನು ಮಂಡಿನೋವೆಂದು ಗೋಡೆಗೊರಗಿ ಕೂತೆ. ಸಿದ್ದ ಬಿದ್ದ. ಮನೆಯಲ್ಲಿ ನನ್ನ ಕೈಯಲ್ಲಿ ಬಿದ್ದು ಬಿದ್ದು ಅವನಿಗೆ ರೂಢಿಯಾಗಿತ್ತೋ ಏನೋ, ನಗುತ್ತಾ ಬೀಳುತ್ತಿದ್ದ.

ಕಣ್ಣು ಮುಚ್ಚಿ ಕೂರುವುದು

ಆಟ ಮುಗಿದ ಮೇಲೆ ಕುರೋದ ಮೇಷ್ಟ್ರು ಎಲ್ಲರನ್ನೂ ಮಂಡಿಯೂರಿ ಕೂರಿಸಿ ಕಣ್ಣು ಮುಚ್ಚಿಸುತ್ತಿದ್ದರು. ದೇವರ ಧ್ಯಾನವಲ್ಲ. ಆ ದಿನ ಕಲಿತ ಪಟ್ಟನ್ನು ಮನಸ್ಸಿನಲ್ಲಿ ನಿಧಾನವಾಗಿ ಹಾಕಿ ನೋಡಬೇಕು, ಕಾಲು ಎಲ್ಲಿ, ಕೈ ಎಲ್ಲಿ, ಉಸಿರು ಯಾವಾಗ. ಒಂದು ಸಲ ಎಸೆಯುವವನಾಗಿ ನೋಡಬೇಕು, ಇನ್ನೊಂದು ಸಲ ಬೀಳುವವನಾಗಿ ನೋಡಬೇಕು. ಎರಡನೆಯದನ್ನು ನೋಡದವನಿಗೆ ಮೊದಲನೆಯದು ಬರುವುದಿಲ್ಲ ಎನ್ನುತ್ತಿದ್ದರು.

ನನಗೆ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತಿತ್ತು. ಸಿದ್ದನಿಗೆ ಅದು ಹಿಡಿದುಹೋಯಿತು. ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತಾಗ, ಎಳೆ ಕಡಿಯದೆ ಓಡುತ್ತಿದ್ದರೆ, ಅವನ ಹೆಗಲು ಸಣ್ಣಗೆ ತಿರುಗುತ್ತಿತ್ತು. ಬಸ್ಸಿನಲ್ಲಿ ಕೂತಾಗ ಬೆರಳು ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿತ್ತು. ಪಕ್ಕದ ಹೆಂಗಸೊಬ್ಬಳು ಜಾಗ ಬದಲಿಸಿದ್ದೂ ಉಂಟು. ಹೊಸ ವರ್ಷದ ಹೊತ್ತಿಗೆ ಅವನ ಸೊಂಟಕ್ಕೆ ಕಂದು ಪಟ್ಟಿ ಬಂತು. ಅವನ ಜೊತೆ ಸೇರಿದವರು ಇನ್ನೂ ಬಿಳಿಯಲ್ಲೇ ಇದ್ದರು. ವಸಂತದಲ್ಲಿ ಜಿಲ್ಲೆಯ ದೊಡ್ಡ ಊರಿನಲ್ಲಿ ಕಪ್ಪು ಪಟ್ಟಿಯ ಪರೀಕ್ಷೆ. ನಮ್ಮ ಹಡಗು ಹೊರಡುವುದು ಅದಾದ ಸ್ವಲ್ಪ ದಿನಕ್ಕೆ. ತಪ್ಪಿದರೆ ಇನ್ನೊಂದು ಪರೀಕ್ಷೆಯಿಲ್ಲ. ಮೈಸೂರಿನಲ್ಲಿ ಆಗ ಜೂಡೊ ಎಂಬ ಹೆಸರು ಕೇಳಿದವರೇ ಇರಲಿಲ್ಲ.

ಮೇಷ್ಟ್ರು ಪರೀಕ್ಷೆಗೆ ಹೋಗುವವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಕಣ್ಣು ಮುಚ್ಚಿದಾಗ ಯಾರನ್ನು ಎಸೆಯಲಾಗುವುದಿಲ್ಲ ಎಂದು ಕೇಳಿದರು. ಎಲ್ಲರೂ ದೊಡ್ಡ ದೊಡ್ಡ ಆಟಗಾರರ ಹೆಸರು ಹೇಳಿದರು. ಸಿದ್ದ ನನ್ನ ಕಡೆ ಕೈ ತೋರಿಸಿದ. ಮಿಕ್ಕವರೆಲ್ಲ ಬೀಳ್ತಾರೆ, ಅಣ್ಣನನ್ನ ನಿಲ್ಲಿಸಿದರೆ ಚಿತ್ರ ಅಲ್ಲೇ ನಿಂತುಹೋಗುತ್ತೆ ಎಂದ. ಮೇಷ್ಟ್ರು, ಹಾಗಾದರೆ ಪರೀಕ್ಷೆಗೆ ಅವನನ್ನೇ ಜೊತೆಗಾರನನ್ನಾಗಿ ಕರೆದುಕೊಂಡು ಹೋಗು ಎಂದರು. ಪರೀಕ್ಷೆಯಲ್ಲಿ ಕುಸ್ತಿಯ ಜೊತೆಗೆ, ಗೊತ್ತುಮಾಡಿದ ಪಟ್ಟುಗಳನ್ನು ಒಬ್ಬ ಹಾಕಿ ಇನ್ನೊಬ್ಬ ಸರಿಯಾಗಿ ಬಿದ್ದು ತೋರಿಸುವ ಭಾಗವಿರುತ್ತದೆ. ಬೀಳುವವನನ್ನು ಪರೀಕ್ಷೆಗೆ ಬಂದವನೇ ಕರೆತರಬೇಕು.

ಆ ದಿನ ಸಿದ್ದ ನನ್ನನ್ನು ಬಾಯಿಬಿಟ್ಟು ಕೇಳಲು ಕಷ್ಟಪಟ್ಟ. ಮನೆಗೆ ನಡೆಯುತ್ತಾ ಯಂತ್ರದ ವಿಷಯ ಮಾತಾಡಿದ, ಚಳಿಯ ವಿಷಯ ಮಾತಾಡಿದ. ಬಾಗಿಲ ಹತ್ತಿರ ನಿಂತು ಹೇಳಿದ: "ನೀನು ಸೋತಂಗಲ್ಲ ಕಣಣ್ಣ. ಬೀಳೋದೂ ಇಲ್ಲಿ ಒಂದು ವಿದ್ಯೆ. ಒಂದೇ ದಿನ."

ಆಗಲಿ ಎಂದೆ.

ಖಾಲಿ ಹಾಲಿನಲ್ಲಿ

ಬೇರೆಯವರು ಬರುವ ಮುಂಚೆ, ಬೆಳಗಿನ ಹೊತ್ತು, ಮೇಷ್ಟ್ರು ಜೂಡೊ ಶಾಲೆಯ ಹಾಲಿನ ಬೀಗ ತೆಗೆದುಕೊಡುತ್ತಿದ್ದರು. ಮೊದಲ ಸಲ ಸಿದ್ದ ನನ್ನ ತೋಳು ಹಿಡಿದು ಬೆನ್ನ ಮೇಲೆ ಹೊತ್ತು ಎಸೆದಾಗ ನನ್ನ ಮೈ ತಾನಾಗಿ ತಿರುಚಿಕೊಂಡಿತು. ವರ್ಷಗಟ್ಟಲೆಯ ಅಭ್ಯಾಸ, ಹೇಳಿದರೆ ಕೇಳುವುದಿಲ್ಲ. ನಾಲ್ಕಾರು ದಿನ ಹೀಗೇ ಆಯಿತು. ಒಂದು ಬೆಳಗ್ಗೆ ಮೈ ಬಿಟ್ಟುಕೊಂಡಿತು. ಬೆನ್ನು ಪೂರಾ ಚಾಪೆಗೆ ಹತ್ತಿತು, ಕೈ ಚಾಪೆಗೆ ಬಡಿಯಿತು, ಸದ್ದು ಹಾಲಿನಲ್ಲೆಲ್ಲ ಆಯಿತು. ನೋವಿರಲಿಲ್ಲ. ಮೇಲೆ ಹಳೆಯ ಮರದ ತೊಲೆಗಳು ಕಂಡವು. ಅಷ್ಟು ದಿನ ಆ ಹಾಲಿಗೆ ಹೋಗಿದ್ದರೂ ಸೂರು ನೋಡಿರಲಿಲ್ಲ.

ಸಿದ್ದ ಕೈ ಕೊಟ್ಟು ಎಬ್ಬಿಸಿದ. ಅವನ ಕಣ್ಣು ತುಂಬಿತ್ತು. ಸಂಜೆ ಕಣ್ಣು ಮುಚ್ಚಿ ಕೂತಾಗ ಚಿತ್ರ ನಿಲ್ಲಲಿಲ್ಲವೆಂದು ಹೇಳಿದ. ಅಲ್ಲಿಂದ ಮುಂದೆ ಅವನು ಆಡಿದ ಆಟವೇ ಬೇರೆ. ಅಂಚೆ ಕಚೇರಿಯ ಗುಮಾಸ್ತನನ್ನು ಕೂಡ ಎತ್ತಿ ಹಾಕಿದ.

ಖಾಲಿ ಹಾಲಿನಲ್ಲಿ ಬೀಳಲು ನನಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು.

ಪರೀಕ್ಷೆಯ ಊರು

ಬೆಳಗಿನ ರೈಲಿಗೆ ಹೋದೆವು. ದಾರಿಯುದ್ದಕ್ಕೂ ಹಣ್ಣಿನ ಗಿಡಗಳು ಹೂ ಬಿಟ್ಟಿದ್ದವು. ಸಿದ್ದ ಕಿಟಕಿಯ ಕಡೆ ನೋಡದೆ ಕಣ್ಣು ಮುಚ್ಚಿಕೊಂಡಿದ್ದ. ನಾನು ಡಬ್ಬಿಯಲ್ಲಿ ಮಾರುವ ತಣ್ಣನೆಯ ಅನ್ನ ತಿಂದೆ.

ಪರೀಕ್ಷೆಯ ಹಾಲು ದೊಡ್ಡದು, ಬೆಂಚಿನ ತುಂಬ ಜನ. ಅದಕ್ಕೂ ನಾನು ಹೆದರಲಿಲ್ಲ, ಅವರ್ಯಾರು, ನಾನ್ಯಾರು. ಬಾಗಿಲ ಹತ್ತಿರ ಯಾರೋ ಕನ್ನಡದಲ್ಲಿ ಪೈಲ್ವಾನ್ ಎಂದು ಕರೆದರು. ನಮ್ಮ ಕಾರ್ಖಾನೆಯ ಸಾಹೇಬರು. ಯಂತ್ರ ನೋಡಲು ಬಂದವರು, ನಮ್ಮ ಹುಡುಗ ಪರೀಕ್ಷೆಗೆ ಕೂರುತ್ತಾನೆಂದು ಕೇಳಿ ಅಲ್ಲಿಗೇ ಬಂದಿದ್ದರು. ಕುತ್ತಿಗೆಗೆ ಹೊಸ ಕ್ಯಾಮೆರಾ. "ಒಳ್ಳೆ ಫೋಟೋ ತೆಗೀತೀನಿ ಕಣಯ್ಯಾ. ನಿಮ್ಮ ಗರಡಿ ಗೋಡೆಗೆ ಕಟ್ ಹಾಕ್ಸಿ ತೂಗ್ಹಾಕ್ಬೌದು" ಎಂದರು. ಪ್ರೀತಿಯಿಂದಲೇ ಹೇಳಿದರು.

ಗರಡಿಯ ಗೋಡೆ ನನ್ನ ಕಣ್ಣಿಗೆ ಕಟ್ಟಿತು. ಹಳೆಯ ಪೈಲ್ವಾನರ ಫೋಟೋಗಳ ಸಾಲು, ಎಲ್ಲರೂ ಮೀಸೆ ತಿರುವಿ ನಿಂತವರು. ಆ ಸಾಲಿನ ಕೊನೆಯಲ್ಲಿ ನಾನು, ತಮ್ಮನ ಹೆಗಲ ಮೇಲಿಂದ ಕಾಲು ಮೇಲಾಗಿ ಹೋಗುತ್ತಿರುವುದು. ಇದು ವಿದ್ಯೆ, ಸೋಲಲ್ಲ ಎಂದು ಫೋಟೋದ ಕೆಳಗೆ ನಿಂತು ಬಂದವರಿಗೆಲ್ಲ ಹೇಳಲಾಗುತ್ತದೆಯೆ? ಮೇಷ್ಟ್ರು ಅಷ್ಟು ತಿಂಗಳು ಮಾಡಿಸಲು ನೋಡಿದ ಅಭ್ಯಾಸ ನನಗೆ ಆ ಗಳಿಗೆಯಲ್ಲಿ ಬಂತು. ಬೀಳುವವನಾಗಿ ನನ್ನನ್ನು ಚೆನ್ನಾಗಿ ಕಂಡೆ. ಕಂಡು ಹೆದರಿದೆ.

ಸಿದ್ದ ಬಟ್ಟೆ ಬದಲಿಸುತ್ತಿದ್ದ. ಹೊರಗೆ ಹೋಗಿ ಬರುತ್ತೇನೆಂದು ಹೊಟ್ಟೆ ಮುಟ್ಟಿ ತೋರಿಸಿದೆ. ಅವನು ತಲೆಯಾಡಿಸಿದ. ನಾನು ಹಿಂದಿನ ಬಾಗಿಲಿನಿಂದ ಇಳಿದು, ರಸ್ತೆ ದಾಟಿ, ನೇರ ರೈಲು ಸ್ಟೇಷನ್ನಿಗೆ ನಡೆದೆ. ಅಲ್ಲಿ ಬೆಂಚಿನ ಮೇಲೆ ಕೂತೆ. ರೈಲುಗಳು ಬಂದವು, ಹೋದವು. ಅಲ್ಲಿಯ ಸ್ಟೇಷನ್ ಮಾಸ್ತರು ಹೊರಟ ಪ್ರತಿ ರೈಲಿಗೂ ಬೆರಳು ತೋರಿಸಿ, ತನಗೆ ತಾನೇ ಏನೋ ಹೇಳಿಕೊಳ್ಳುತ್ತಾರೆ. ಅದನ್ನೇ ನೋಡುತ್ತಾ ಕೂತೆ.

ಆಮೇಲೆ ನಡೆದದ್ದನ್ನು ಕುರೋದ ಮೇಷ್ಟರ ಶಿಷ್ಯನೊಬ್ಬ ಇನ್ನೊಂದು ದಿನ ಕೈಸನ್ನೆಯಲ್ಲೂ ನನಗೆ ಅರ್ಥವಾಗುವ ನಾಲ್ಕು ಮಾತಿನಲ್ಲೂ ತಿಳಿಸಿದ. ಕುಸ್ತಿಯ ಭಾಗದಲ್ಲಿ ಸಿದ್ದ ಎಲ್ಲರನ್ನೂ ಗೆದ್ದ. ಪಟ್ಟು ತೋರಿಸಲು ಹೆಸರು ಕರೆದಾಗ ಚಾಪೆಯ ಅಂಚಿನಲ್ಲಿ ಒಬ್ಬನೇ ನಿಂತ. ಮತ್ತೆ ಕರೆದರು. ತಾವು ಬೀಳುತ್ತೇವೆಂದು ಬೇರೆಯವರು ಮುಂದೆ ಬಂದರು, ಪರೀಕ್ಷಕರು ಆಗಬಹುದೆಂದರು. ಅಣ್ಣ ಬರುತ್ತಾನೆ, ಸ್ವಲ್ಪ ಕಾಯಿರಿ ಎಂದು ಸಿದ್ದ ಬಗ್ಗಿ ಬಗ್ಗಿ ಕೇಳಿಕೊಂಡ. ಅವರು ಕಾದರು, ಕಾದು ಮುಂದಿನವನನ್ನು ಕರೆದರು.

ಸಂಜೆ ಸಿದ್ದ ಸ್ಟೇಷನ್ನಿಗೆ ಬಂದ. ನನ್ನ ಪಕ್ಕ ಕೂತ. ಆಮೇಲೆ, "ಹೊಟ್ಟೆ ಎಂಗಿದೆ ಅಣ್ಣ?" ಎಂದ.

"ಈಗ ವಾಸಿ" ಎಂದೆ.

ಅವನಿಗೆ ಗೊತ್ತಿತ್ತು. ನನ್ನ ಮಾನ ಉಳಿಯಲೆಂದು ಒಂದು ನೆಪ ಕೊಟ್ಟ. ನಾನು ಅದನ್ನು ತೆಗೆದುಕೊಂಡೆ.

ವಾಪಸು

ಹಡಗಿನಲ್ಲಿ ಸಿದ್ದ ಮುಂಚಿನ ಹಾಗೇ ಇದ್ದ. ನನಗೆ ತಿಂಡಿ ತಂದುಕೊಟ್ಟ, ಹಾಂಗ್‌ಕಾಂಗಿನಲ್ಲಿ ಹೆಂಡತಿಗೆ ಕೊಳ್ಳು ಎಂದು ಛತ್ರಿ ಆರಿಸಿಕೊಟ್ಟ. ಮುನಿಸಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. ತಡೆಯಲಾರದೆ ನಾನೇ ಊಟದ ಮೇಜಿನಲ್ಲಿ ಒಬ್ಬ ತಮಿಳು ಮೇಷ್ಟರಿಗೆ, ನಮ್ಮ ತಮ್ಮ ಒಂದೇ ವರ್ಷದಲ್ಲಿ ಕಪ್ಪು ಪಟ್ಟಿ ಸಂಪಾದಿಸಿದ್ದಾನೆ ಎಂದು ಹೇಳಿದೆ. ಸಿದ್ದ ತಟ್ಟೆಯಿಂದ ತಲೆ ಎತ್ತದೆ, ಇಲ್ಲ ಸ್ವಾಮಿ, ಕಂದು ಎಂದ.

ಮೈಸೂರು

ಗರಡಿಯ ಮೂಲೆಯಲ್ಲಿ ಹುಲ್ಲು ಹಾಸಿ, ಮೇಲೆ ಗೋಣಿತಾಟು ಹೊಲಿದು, ಬೀಳುವುದನ್ನು ಕಲಿಸುತ್ತೇನೆಂದು ಸಿದ್ದ ಕೇಳಿದಾಗ ಉಸ್ತಾದರು ಬೇಡವೆನ್ನಲಿಲ್ಲ. ಗರಡಿಗೆ ಮೂಳೆ ಮುರಿದುಕೊಂಡು ಬರುವವರು ಕಡಿಮೆಯಾದರೆ ನನಗೂ ಕೆಲಸ ಕಡಿಮೆ ಎಂದರು. ಕಾರ್ಖಾನೆಯವರು ಕೆಲವರು, ಮೇಟಗಳ್ಳಿ ಕಡೆಯಿಂದ ಕೆಲವರು ಬರತೊಡಗಿದರು. ಸಿದ್ದ ಅವರನ್ನೂ ಕಡೆಯಲ್ಲಿ ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದ. ಮೈಸೂರಿನಲ್ಲಿ ನೊಣ ಜಾಸ್ತಿ, ಕೂರುವುದು ಕಷ್ಟವಾಗುತ್ತಿತ್ತು.

ಅಷ್ಟರಲ್ಲಿ ಸಾಹೇಬರು ಕಂಡದ್ದು ಊರಿಗೆ ಹಬ್ಬಿತು. ಅವರು ಸುಳ್ಳು ಹೇಳಲಿಲ್ಲ. ಹುಡುಗ ಕುಸ್ತಿ ಗೆದ್ದ, ಆಮೇಲೆ ಹೆಸರು ಕರೆದಾಗ ಯಾಕೋ ಚಾಪೆಗೆ ಇಳಿಯಲಿಲ್ಲ ಎಂದರು, ಅಷ್ಟೇ. ಕಾರ್ಖಾನೆಯಿಂದ ಕೆಸರೆಗೆ ಬರುವಷ್ಟರಲ್ಲಿ ಅದು ಹೆದರಿ ನಿಂತ ಎಂದಾಯಿತು. ಬರುವವರು ಕಡಿಮೆಯಾದರು. ನನಗೆ ಎಲ್ಲ ಕೇಳಿಸುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ಸಿದ್ದ ಯಾರಿಗೂ ಏನೂ ಹೇಳಲಿಲ್ಲ.

ಒಂದು ಭಾನುವಾರ ಗೋಣಿಯ ಮೇಲೆ ಇಬ್ಬರೇ ಇದ್ದರು. ಬಸವಣ್ಣ ಎಂಬುವನು, ನನ್ನ ಓರಗೆಯ ಪೈಲ್ವಾನ, ಮೈಗೆ ಮಣ್ಣು ತಿಕ್ಕಿಕೊಳ್ಳುತ್ತಾ ಅವರನ್ನು ಕರೆದ. "ಲೋ, ಯಾಕ್ರೋ ಒಣಹುಲ್ಲಲ್ಲಿ ಒರಳಾಡ್ತೀರಿ? ಜಪಾನ್‌ನೋರ ಮುಂದೆ ಕಾಲು ನಡುಗಿ ನಿಂತ್ಬುಟ್ನಂತೆ ನಿಮ್ಮ ಮೇಷ್ಟ್ರು. ಅದುನ್ನೂ ಕಲ್ಸ್‌ಕೊಡ್ತಾನಾ ಕೇಳಿ."

ಅಖಾಡದಲ್ಲಿದ್ದವರು ನಕ್ಕರು. ಕಲಿಯುತ್ತಿದ್ದ ಇಬ್ಬರೂ ಎದ್ದು ಅಂಗಿ ಹಾಕಿಕೊಂಡರು. ಸಿದ್ದ ಬಗ್ಗಿ ಗೋಣಿಯನ್ನು ಸುತ್ತತೊಡಗಿದ. ಅವನು ಅದನ್ನು ಸುತ್ತಿದ ರೀತಿ ನೋಡಿ, ಮತ್ತೆ ಹಾಸುವುದಿಲ್ಲವೆಂದು ನನಗೆ ಗೊತ್ತಾಯಿತು.

ಉಸ್ತಾದರು ನನ್ನ ಕಡೆ ತಿರುಗಿದರು. ನೀನೂ ಅಲ್ಲೇ ಇದ್ದೆಯಲ್ಲ ಪೈಲ್ವಾನ್, ನಡೆದದ್ದೇನು ಎಂದು ಕೇಳಿದರು.

ನಾನು ಅಲ್ಲಿರಲಿಲ್ಲ ಎಂದೆ. ಇರಬೇಕಾಗಿತ್ತು, ಬೀಳಬೇಕಾದವನು ನಾನೇ ಎಂದೆ. ಇವನು ಕುಸ್ತಿಯನ್ನೆಲ್ಲ ಗೆದ್ದು ನನಗಾಗಿ ಕಾದ ಎಂದೂ ಹೇಳಿದೆ. ನಗು ನಿಂತಿತು. ಬಸವಣ್ಣ ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಬಿಟ್ಟ. ಅವರಿಗೆ ಹೇಳಿದ್ದು ಸಾಲದೆಂದು ಅನ್ನಿಸಿ ಮೂಲೆಗೆ ಹೋದೆ. ಸಿದ್ದ ಗೋಣಿ ಹಿಡಿದುಕೊಂಡೇ ನಿಂತಿದ್ದ. ಎಲ್ಲರಿಗೂ ಕೇಳುವ ಹಾಗೆ ಅವನಿಗೆ ಹೇಳಿದೆ:

"ಸಿದ್ದ, ಅವತ್ತು ನಂಗೆ ಹೊಟ್ಟೆನೋವಿರಲಿಲ್ಲ ಕಣೋ. ಫೋಟೋದಲ್ಲಿ ನಿನ್ನ ಕೈಲಿ ಬಿದ್ದೋನಾಗಿ ಕಾಣ್ತೀನಿ ಅಂತ ಹೆದ್ರಿಕೊಂಡು ಓಡೋಗ್ಬುಟ್ಟೆ. ಕಾಲು ನಡುಗಿದ್ದು ನಂದು. ನೀನು ವರ್ಷವೆಲ್ಲ ಕಷ್ಟಪಟ್ಟಿದ್ದನ್ನ ನಾನು ಹಾಳು ಮಾಡ್ದೆ, ಊರೋರು ನಿನ್ನ ಆಡ್ಕೊಂಡಾಗ್ಲೂ ಬಾಯಿ ಮುಚ್ಕೊಂಡಿದ್ದೆ. ತಪ್ಪಾಯ್ತು ಕಣಪ್ಪ. ನನ್ನ ಕ್ಷಮಿಸ್ಬುಡು."